ಅಪ್ಪನ ತುಂಡಿಗೆ ಇಳಿಯದ ಹಿತ್ತಾಳೆ

ಕೊಡ್ಲಿಪೇಟೆ
೧೦ ನವೆಂಬರ್ ೨೦೨೪

ದೀಕ್ಷಿ,

ಡಬ್ಬಿ ಬಂತು. ಬಸ್ಸಿನ ರವಿ ನಿನ್ನೆ ಸಂಜೆ ಕೊಟ್ಟು ಹೋದ. ದೀಪಾವಳಿಗೆ ಮಗಳು ಬರಲಿಲ್ಲ, ಮಗಳ ಬಿಸ್ಕತ್ ಡಬ್ಬಿಯಾದರೂ ಬಂತಲ್ಲ ಎಂದು ಬಾಗಿಲಲ್ಲೇ ನಿಂತು ಮುಚ್ಚಳ ತೆಗೆದೆ. ಮೇಲೊಂದು ಚೀಟಿ, ‘ಅವ್ವ, ಬೇಗ ಕಳಿಸು’ ಅಂತ. ಕೆಳಗೆ ಖಾಲಿ ಹಿತ್ತಾಳೆ. ಹೇಗಿದ್ದೀಯ ಎಂದು ಕೇಳುವ ಒಂದು ಅಕ್ಷರವಿಲ್ಲ. ನಿನ್ನ ಅಪ್ಪ ಮಿಲಿಟರಿಯಿಂದ ಕೊಡುತ್ತಿದ್ದ ತಂತಿ ಕೂಡ ಇದಕ್ಕಿಂತ ಉದ್ದವಿರುತ್ತಿತ್ತು.

ಫೋನ್ ಮಾಡು ಅನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಬರೆದರೆ ಜಗಳಕ್ಕೂ ಬಸ್ಸಿನಲ್ಲಿ ಅರ್ಧ ದಿನ ಕೂರಬೇಕಾಗುತ್ತದೆ, ಅಷ್ಟರಲ್ಲಿ ಸ್ವಲ್ಪ ಆರಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಗೊತ್ತಿಲ್ಲದವಳ ಹಾಗೆ ಮುಖ ಮಾಡಬೇಡ. ಗುಂಡು ಹಾರಿದಾಗ ಕಾಡತೂಸಿನ ಹಿತ್ತಾಳೆ ಕೇಸು ಊದಿಕೊಳ್ಳುತ್ತದೆ. ಯಾವ ರೈಫಲ್ಲಿನಲ್ಲಿ ಕಾಡತೂಸು ಕೂರುವ ಗೂಡಿನಲ್ಲಿ ಊದಿತೋ ಆ ಗೂಡಿನ ಆಕಾರವನ್ನೇ ಹೊತ್ತುಕೊಂಡು ಹೊರಗೆ ಬರುತ್ತದೆ. ನಾನು ಅದರ ಕತ್ತನ್ನು ಮಾತ್ರ ಅಚ್ಚಿನಲ್ಲಿ ಒತ್ತಿ, ಮತ್ತೊಂದು ಗುಂಡನ್ನು ಬಿಗಿಯಾಗಿ ಹಿಡಿಯುವ ಹಾಗೆ ಮಾಡಿ ಕಳಿಸುತ್ತೇನೆ. ಮೈ ಮುಟ್ಟುವುದಿಲ್ಲ. ಮೈ ನಮ್ಮ ರೈಫಲ್ಲಿಗೆ ಒಗ್ಗಿರುತ್ತದೆ, ಅದನ್ನು ಕೆಡಿಸಬಾರದು ಎಂದು ಹೇಳಿಕೊಟ್ಟವರು ನಿನ್ನ ಅಪ್ಪ. ಮದ್ದು ಗುಂಡು ತುಂಬುವುದು ಲೈಸೆನ್ಸ್ ಇರುವ ನಿನ್ನ ಕೆಲಸ, ಹಿತ್ತಾಳೆ ನನ್ನ ಕೆಲಸ. ಅವರು ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವುದೂ ಇದೊಂದೇ.

ಒತ್ತುವ ಮೊದಲು ಒಂದೊಂದನ್ನೂ ಅಪ್ಪನ ತುಂಡಿಗೆ ಇಳಿಸಿ ನೋಡುವುದು ನನ್ನ ಪದ್ಧತಿ. ರೈಫಲ್ಲಿಗೆ ಹೊಸ ನಳಿಗೆ ಕೂರಿಸಿದಾಗ ಉಳಿದ ಬೆರಳುದ್ದದ ತುಂಡಿಗೆ ಅದೇ ಹತಾರದಿಂದ ಅದೇ ಗೂಡು ಕೊರೆದು ಇಟ್ಟಿದ್ದರಲ್ಲ, ಅದೇ. ನಮ್ಮ ರೈಫಲ್ಲಿನಲ್ಲಿ ಹಾರಿದ್ದಾದರೆ ಟಣ್ ಎಂದು ತಳ ಮುಟ್ಟುತ್ತದೆ. ಈ ಸಲ ಒಂದು ಹಿಡಿಯಷ್ಟು ಕೇಸು ಮುಟ್ಟಲಿಲ್ಲ. ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ಕಚ್ಚಿಕೊಂಡು ನಿಂತವು. ಒರೆಸಿ ನೋಡಿದೆ, ತಿರುಗಿಸಿ ನೋಡಿದೆ, ಕನ್ನಡಕ ಹಾಕಿಕೊಂಡೂ ನೋಡಿದೆ.

ಅವು ಬೇರೆ ಯಾವುದೋ ರೈಫಲ್ಲಿನಲ್ಲಿ ಹಾರಿವೆ ದೀಕ್ಷಿ. ಯಾರದು?

ಉಳಿದವನ್ನು ಕತ್ತು ಒತ್ತಿ ಕಳಿಸಿದ್ದೇನೆ. ಆ ಒಂದು ಹಿಡಿ ನನ್ನ ಹತ್ತಿರವೇ ಇದೆ. ಅಡಿಯಲ್ಲಿ ಹಲಸಿನ ಹಪ್ಪಳ ಇಟ್ಟಿದ್ದೇನೆ, ಮುರಿಯದ ಹಾಗೆ ತೆಗೆ.

ನಿನ್ನ ಅವ್ವ
ದೇವೀರಮ್ಮ

*

ನೆಲ್ಯಹುದಿಕೇರಿ
೧೯ ನವೆಂಬರ್ ೨೦೨೪

ಅವ್ವ,

ಹಪ್ಪಳ ಒಂದೂ ಮುರಿದಿರಲಿಲ್ಲ. ನಿನ್ನ ಅಳಿಯ ಉತ್ತಯ್ಯ ಅರ್ಧ ಖಾಲಿ ಮಾಡಿದ್ದಾರೆ. ನೀನು ಅವರ ಹೆಸರೆತ್ತದಿದ್ದರೂ ಹಪ್ಪಳ ಇಬ್ಬರಿಗೆ ಆಗುವಷ್ಟು ಇಟ್ಟಿದ್ದೆಯಲ್ಲ, ಅದಕ್ಕೇ ಹೇಳಿದೆ.

ಹಬ್ಬಕ್ಕೆ ಬರಲಾಗಲಿಲ್ಲ. ಎಸ್ಟೇಟಿನಲ್ಲಿ ಅರೇಬಿಕಾ ಬ್ಲಾಕಿನ ಕಾಫಿ ಕೀಳುವ ಪಿಕಿಂಗ್ ಶುರುವಾಗಿದೆ. ಕೂಲಿಯವರ ಲೈನಿನಲ್ಲಿ ಅರ್ಧ ಜನ ಊರಿಗೆ ಹೋಗಿದ್ದಾರೆ. ಲೆಕ್ಕ ಬರೆಯುವ ರೈಟರ್ ಜ್ವರ ಬಂದು ಮಲಗಿದ್ದರಿಂದ ಅವನ ಕೆಲಸವೂ ಮ್ಯಾನೇಜರ್ ಆದ ಇವರ ತಲೆಗೇ ಬಂದಿದೆ. ಅಷ್ಟೇ ಕಾರಣ, ಬೇರೇನಿಲ್ಲ.

ಕೇಸಿನ ವಿಷಯ ದೊಡ್ಡದು ಮಾಡಬೇಡ. ಶೂಟಿಂಗ್ ರೇಂಜಿನಲ್ಲಿ ಗುರಿಗೆ ಸಾಲಾಗಿ ಮಲಗಿ ಹೊಡೆಯುತ್ತೇವೆ, ಕೇಸು ಹಾರಿ ಎಲ್ಲೆಲ್ಲೋ ಬೀಳುತ್ತದೆ. ಆರಿಸುವಾಗ ಪಕ್ಕದವರದು ಸೇರಿರಬೇಕು. ಮಡಿಕೇರಿಯಿಂದ ವಿಷ್ಣುಪ್ರಸಾದ್ ಸರ್ ಬರುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುವವರು. ಅವರಂತೂ ತಾವೇ ಒತ್ತಿದ ಕೇಸನ್ನು ಕೂಡ ಒಂದೊಂದಾಗಿ ರೈಫಲ್ಲಿಗೆ ಹಾಕಿ, ಬೋಲ್ಟ್ ಮುಚ್ಚಿ ನೋಡಿ, ಆಮೇಲೆ ಮದ್ದು ತುಂಬುತ್ತಾರೆ. ‘ನೀನು ನೋಡೋದಿಲ್ವಾ?’ ಎಂದು ಕೇಳಿದರು. ‘ನಮ್ಮವ್ವ ನೋಡಿರ್ತಾಳೆ ಸರ್’ ಎಂದೆ. ನಕ್ಕರು. ನಗಲಿ. ನಾನು ಇಷ್ಟು ವರ್ಷದಲ್ಲಿ ನೀನು ಕಳಿಸಿದ ಒಂದನ್ನೂ ಹಾಕಿ ನೋಡಿದವಳಲ್ಲ.

ಒಂದು ಕೆಲಸ ಆಗಬೇಕು ಅವ್ವ. ಜನವರಿಯಲ್ಲಿ ರಾಜ್ಯ ತಂಡದ ಆಯ್ಕೆ ಇದೆ, ಮುನ್ನೂರು ಮೀಟರ್. ಈ ಸಲ ಬಿಟ್ಟರೆ ಮತ್ತೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಬೇಕಾದ ಕೇಸು ಇದರ ಜೊತೆ ಕಳಿಸಿದ್ದೇನೆ. ಇವನ್ನು ಕತ್ತು ಮಾತ್ರ ಒತ್ತಬೇಡ, ಪೂರ್ತಿ ಮೈ ಒತ್ತು. ಅಪ್ಪನ ಪೆಟ್ಟಿಗೆಯಲ್ಲಿ ಇನ್ನೊಂದು ಅಚ್ಚು ಇದೆಯಲ್ಲ, ಅದರಲ್ಲಿ. ನಿನ್ನ ಹತ್ತಿರ ಇರುವ ಆ ಒಂದು ಹಿಡಿಯನ್ನೂ ಹಾಗೇ ಮಾಡಿ ಸೇರಿಸಿಬಿಡು.

ಯಾಕೆ ಎಂದು ಕೇಳಬೇಡ.

ನಿನ್ನ
ದೀಕ್ಷಿ

*

ಕೊಡ್ಲಿಪೇಟೆ
೩೦ ನವೆಂಬರ್ ೨೦೨೪

ದೀಕ್ಷಿ,

ಕೇಳಬೇಡ ಎಂದರೆ ಕೇಳದೆ ಇರುವವಳು ನಾನಲ್ಲ, ಅದು ನಿನಗೆ ಹುಟ್ಟಿದಾಗಿನಿಂದ ಗೊತ್ತು.

ಪಕ್ಕದವರ ಕೇಸು ಸೇರಿರಬೇಕು ಎಂದು ಬರೆದಿದ್ದೀಯ. ಆ ಒಂದು ಹಿಡಿಯ ತಳವನ್ನು ಮತ್ತೆ ನೋಡಿದೆ. ನಾನು ಪ್ರತಿ ಕೇಸಿನ ತಳಕ್ಕೆ ಇಡುವ ಉಗುರುಬಣ್ಣದ ಕೆಂಪು ಚುಕ್ಕೆ ಎಲ್ಲದರಲ್ಲೂ ಇದೆ. ಕೇಸು ನಮ್ಮದೇ ಕಣೇ. ಹಾರಿಸಿದ ರೈಫಲ್ ನಮ್ಮದಲ್ಲ. ಅಂದರೆ ನಾನು ಒತ್ತಿದ, ನೀನು ತುಂಬಿದ ಕಾಡತೂಸನ್ನು ಯಾರೋ ತೆಗೆದುಕೊಂಡು ಹೋಗಿ ಬೇರೆ ಬಂದೂಕಿಗೆ ಹಾಕಿದ್ದಾರೆ. ನಿಮ್ಮ ಮನೆಯಲ್ಲಿ ಇರುವವರು ಇಬ್ಬರು. ಒಬ್ಬಳು ನೀನು.

ಇನ್ನೊಂದು ಮಾತು. ಪೂರ್ತಿ ಮೈ ಒತ್ತಿದರೆ ಏನಾಗುತ್ತದೆ ಎಂದು ನನಗೂ ಗೊತ್ತು. ಕೇಸು ಅಂಗಡಿಯಿಂದ ತಂದ ಹೊಸದರ ಹಾಗೆ ಆಗಿಬಿಡುತ್ತದೆ. ಯಾವ ರೈಫಲ್ಲಿನಲ್ಲಿ ಹಾರಿತ್ತು ಅನ್ನುವ ಗುರುತು ಮೈಮೇಲೆ ಉಳಿಯುವುದಿಲ್ಲ. ಇಷ್ಟು ವರ್ಷ ಬೇಡವಾದದ್ದು ಈಗ ಯಾಕೆ ಬೇಕಾಯಿತು? ಅದೂ ಆ ಒಂದು ಹಿಡಿಯನ್ನು ಮರೆಯದೆ ಸೇರಿಸಿ?

ನಿನ್ನ ಅಕ್ಷರವನ್ನೂ ನೋಡಿದೆ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು ನೀನು. ಈಗ ಸಾಲು ಗೆರೆ ಬಿಟ್ಟು ಕೆಳಗಿಳಿದು ಹೋಗುತ್ತಿದೆ, ಒಂದರ ಮೇಲೊಂದು ಅಕ್ಷರ ಬಿದ್ದಿದೆ. ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಇನ್ನೊಂದು ಬರೆಯುವಾಗ ಕೈ ಹೀಗೇ ಓಡುವುದು.

ಮೊನ್ನೆ ಡಬ್ಬಿ ಕೊಡಲು ಬಂದ ರವಿಗೆ ಕಾಫಿ ಕೊಟ್ಟೆ. ಹಬ್ಬಕ್ಕೆ ಮಗಳು ಬರಲಿಲ್ಲ, ತೋಟದಲ್ಲಿ ಕೆಲಸವಂತೆ ಎಂದೆ. ಅವನು ಲೋಟ ಕೆಳಗಿಟ್ಟ. ‘ಕೆಲ್ಸಾನಾ? ನಿಮ್ ಅಳಿಯಾರು ಹಬ್ಬದ್ ದಿನ ಬೆಳಿಗ್ಗೆ ಹೊಳೆ ತಾವ ಜೀಪ್ ತೊಳೀತಾ ಇದ್ರು ಕಣವ್ವ. ಹಿಂದ್ಗಡೆ ಸೀಟೆಲ್ಲ ರಕ್ತ. ನಮ್ ಬಸ್ಸಲ್ಲಿದ್ದೋರೆಲ್ಲ ಬಗ್ಗಿ ಬಗ್ಗಿ ನೋಡುದ್ರು. ನಿಮ್ಗೆ ಹೇಳಿಲ್ವಾ?’ ಎಂದ. ಆಮೇಲೆ ಪಕ್ಕದ ತೋಟದ ವಾಚರ್ ಸಿದ್ದರಾಜುವಿನ ಕಾಲಿಗೆ ಹಬ್ಬದ ಹಿಂದಿನ ಸಂಜೆ ಯಾರೋ ಗುಂಡು ಹೊಡೆದದ್ದು, ಹೊಡೆದವರು ಯಾರೆಂದು ಇನ್ನೂ ಗೊತ್ತಾಗದೆ ಇರುವುದು ಎಲ್ಲ ಹೇಳಿದ. ಅಂಗಡಿಯ ಹಳೇ ಪೇಪರ್ ಕಟ್ಟಿನಲ್ಲಿ ಹುಡುಕಿದೆ. ನಾಲ್ಕೇ ಸಾಲು ಬಂದಿದೆ, ‘ಗುಂಡೇಟು, ಹಂದಿ ಬೇಟೆಯ ಶಂಕೆ’ ಎಂದು.

ನಿನ್ನ ಗಂಡ ಮದುವೆಗೆ ಮುಂಚೆ ಹಂದಿಯ ಹಿಂದೆ ಕಾಡು ಸುತ್ತಿದವನು. ಬಿಟ್ಟಿದ್ದೇನೆ ಎಂದು ನನ್ನ ಮುಂದೆ ಕೂತು ಹೇಳಿದ. ಆಗ ತಲೆಯಾಡಿಸಿದೆ, ನಂಬಲಿಲ್ಲ.

ಕೇಸು ಯಾವುದನ್ನೂ ಒತ್ತಿಲ್ಲ. ಮೊದಲು ಉತ್ತರ ಬರಲಿ.

ಅವ್ವ

*

ನೆಲ್ಯಹುದಿಕೇರಿ
೮ ಡಿಸೆಂಬರ್ ೨೦೨೪

ಅವ್ವ,

ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಂಬಲಾಗಲಿಲ್ಲ.

ಸಿದ್ದರಾಜುವನ್ನು ಹೊತ್ತು ಜೀಪಿಗೆ ಹಾಕಿ ಆಸ್ಪತ್ರೆಗೆ ಸೇರಿಸಿದವರು ಉತ್ತಯ್ಯ. ರಕ್ತ ಅವನದ್ದು. ಊರಿಗೆಲ್ಲ ಗೊತ್ತಿರುವ ವಿಷಯ. ನಿನ್ನ ರವಿಗೆ ಅರ್ಧ ಗೊತ್ತು, ನಿನಗೆ ಆ ಅರ್ಧವೇ ಸಾಕು.

ಅದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ. ನನ್ನ ಗಂಡ ಮನುಷ್ಯನಿಗೆ ಗುಂಡು ಹೊಡೆದಿಲ್ಲ ಎಂದು ನನ್ನನ್ನು ಹೆತ್ತ ತಾಯಿಗೆ ಪ್ರಮಾಣ ಮಾಡಿ ಬರೆದುಕೊಡಬೇಕೇ? ನೀನು ಮೊದಲ ದಿನದಿಂದಲೂ ಅವರನ್ನು ಹೀಗೇ ನೋಡಿದೆ. ಅವರ ಮನೆಯಲ್ಲಿ ಆಡುವ ಮಾತು ಬೇರೆ, ಉಣ್ಣುವುದು ಬೇರೆ ಎಂದು ಮೂರು ವರ್ಷ ಮೂಗು ಮುರಿದೆ. ಈಗ ನಿನ್ನ ಲೆಕ್ಕದಲ್ಲಿ ಕೊಲೆಗಾರರೂ ಆದರು.

ಯಾವ ರೈಫಲ್, ಯಾಕೆ ಪೂರ್ತಿ ಒತ್ತಬೇಕು ಎಂಬುದನ್ನು ಆಯ್ಕೆ ಮುಗಿದ ಮೇಲೆ ಎದುರಿಗೆ ಕೂತು ಹೇಳುತ್ತೇನೆ. ಈಗ ಹೇಳಿದರೆ ನೀನು ತಡೆಯುತ್ತೀಯ. ಹಾಗಾಗಿ ಈಗ ಇಲ್ಲ.

ಇನ್ನು ಸ್ವಲ್ಪವೇ ದಿನ ಉಳಿದಿದೆ. ಕೇಸು ಕಳಿಸು.

ದೀಕ್ಷಿತಾ

*

ಕೊಡ್ಲಿಪೇಟೆ
೨೮ ಡಿಸೆಂಬರ್ ೨೦೨೪

ದೀಕ್ಷಿತಾ,

ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದ್ದೀಯ, ನಾನೂ ಪೂರ್ತಿ ಹೆಸರಿನಲ್ಲೇ ಕರೆಯುತ್ತೇನೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಾಗದ. ನಾನು ಕೇಳಿದ್ದು ರೈಫಲ್ ಯಾರದು ಎಂದು. ನೀನು ನನ್ನ ಮೂಗಿನ ಸುದ್ದಿ ಬರೆದೆ. ಹೊಡೆದವನೇ ಹೆದರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದೂ ಲೋಕದಲ್ಲಿ ಉಂಟು. ‘ಹೇಳಿದರೆ ತಡೆಯುತ್ತೀಯ’ ಎಂದಿದ್ದೀಯ. ತಾಯಿ ತಡೆಯುವಂಥದ್ದು ಏನು ಮಾಡುತ್ತಿದ್ದೀರಿ ನೀವಿಬ್ಬರೂ?

ನನಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಆ ವಾಚರಿಗೆ ಹೆಂಡತಿ ಇದ್ದಾಳಂತೆ, ಮಾರಿ ಅಂತ, ನಿಮ್ಮ ತೋಟಕ್ಕೇ ಪಿಕಿಂಗಿಗೆ ಬರುತ್ತಾಳಂತೆ. ಅವಳು ತಂದು ಸುರಿದ ಕಾಫಿಯನ್ನು ನಿನ್ನ ಗಂಡ ನಿಂತು ತೂಗಿಸುತ್ತಾನೆ. ಹಿತ್ತಾಳೆ ನನ್ನ ಕೈಯಿಂದ ಹೋದದ್ದು ದೀಕ್ಷಿತಾ. ಅದರಲ್ಲಿ ಒಬ್ಬ ಬಡವನ ಕಾಲು ಹೋಗಿದ್ದರೆ ಆ ಪಾಪ ಒತ್ತಿದವಳಿಗೂ ಬರುತ್ತದೆ.

ಬರುವ ಶನಿವಾರದ ಒಳಗೆ ನೀನೊಬ್ಬಳೇ ಬಾ. ಬಂದು ನಿಜ ಹೇಳು. ಬಾರದೆ ಹೋದರೆ ಶನಿವಾರಸಂತೆಗೆ ಹೋಗುವ ಬಸ್ ಹತ್ತುತ್ತೇನೆ. ಸಂತೆಗಲ್ಲ, ಠಾಣೆಗೆ. ಆ ಒಂದು ಹಿಡಿ ಕೇಸನ್ನೂ ಅಪ್ಪನ ತುಂಡನ್ನೂ ಕಟ್ಟಿ ಇಟ್ಟಿದ್ದೇನೆ.

ದೇವೀರಮ್ಮ

*

ನೆಲ್ಯಹುದಿಕೇರಿ
೨೧ ಜನವರಿ ೨೦೨೫

ಅತ್ತೆಯವರಿಗೆ ಉತ್ತಯ್ಯ ಮಾಡುವ ನಮಸ್ಕಾರಗಳು.

ಮನೆಯಲ್ಲಿ ಕೊಡವ ಭಾಷೆ, ತೋಟದಲ್ಲಿ ಮಲಯಾಳ ತಮಿಳು, ಹಾಗಾಗಿ ನನ್ನ ಕನ್ನಡ ಬರವಣಿಗೆ ಅಷ್ಟಕ್ಕಷ್ಟೆ. ತಪ್ಪಿದ್ದರೆ ಮನ್ನಿಸಿ. ದೀಕ್ಷಿ ಬರೆಯುವುದಿಲ್ಲ ಎಂದು ಕೂತಿದ್ದಾಳೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಇವತ್ತು ಮುರಿಯುತ್ತೇನೆ.

ನೀವು ಬರೀ ಹೆದರಿಸುತ್ತಿದ್ದೀರಿ ಎಂದುಕೊಂಡು ದೀಕ್ಷಿ ಆ ಶನಿವಾರ ಬರಲಿಲ್ಲ. ನೀವು ಠಾಣೆಗೆ ಹೋದ ಎರಡನೇ ದಿನ ನಮ್ಮ ಕಡೆಯ ಪೊಲೀಸರು ಬಂದರು. ಮರ್ಯಾದೆಯಿಂದಲೇ ಮಾತಾಡಿದರು. ದೂರು ಬಂದಿರುವುದರಿಂದ ನೋಡಲೇಬೇಕು ಎಂದು ರೈಫಲ್ ತೆಗೆದುಕೊಂಡು ಹೋದರು. ‘ನಿಮ್ ಅತ್ತೇನೇ ಕೊಟ್ಟಿದ್ದಾ?’ ಎಂದು ಕಾನ್‌ಸ್ಟೇಬಲ್ ಕೇಳಿದಾಗ ಲೈನಿನ ಜನರೆಲ್ಲ ಅಂಗಳದಲ್ಲಿದ್ದರು. ಹೌದು ಎಂದೆ.

ಈಗ ನೀವು ಕೇಳಿದ್ದಕ್ಕೆ ಉತ್ತರ. ದೀಕ್ಷಿಯ ಬಲಗಣ್ಣು ಹೋಗುತ್ತಿದೆ ಅತ್ತೆ. ಮಳೆಗಾಲದಲ್ಲಿ ಶುರುವಾಯಿತು. ಗುರಿ ಎರಡೆರಡಾಗಿ ಕಾಣುತ್ತದೆ ಎಂದಳು, ಕನ್ನಡಕ ಬದಲಿಸಿದೆವು, ಸರಿಹೋಗಲಿಲ್ಲ. ಕರಿಗುಡ್ಡೆ ಮೇಲಿನ ಗಾಜಿನಂಥ ಪದರ ತೆಳುವಾಗಿ ಮುಂದಕ್ಕೆ ಚೂಪಾಗುತ್ತಿದೆ ಎಂದು ಮೈಸೂರಿನ ಡಾಕ್ಟರ್ ಹೇಳಿದರು. ಎಡಗಣ್ಣು ಚೆನ್ನಾಗಿದೆ. ದೀಪಾವಳಿಗೆ ಅವಳು ಬಾರದೆ ಇದ್ದದ್ದು ಮರುದಿನವೇ ಡಾಕ್ಟರನ್ನು ನೋಡುವುದಿತ್ತು ಎಂದು. ನಿಮ್ಮ ಮುಂದೆ ಬಂದರೆ ನೀವು ಮುಖ ನೋಡಿದ ಕೂಡಲೇ ಕಂಡುಹಿಡಿಯುತ್ತೀರಿ ಎಂದು ಹೆದರಿದಳು.

ಬಂದೂಕು ಬಿಡುವುದಿಲ್ಲ ಎಂದಳು. ಎಡಗಣ್ಣಲ್ಲಿ, ಎಡ ಹೆಗಲಿನಲ್ಲಿ ಮೊದಲಿನಿಂದ ಕಲಿಯುತ್ತೇನೆ ಎಂದಳು. ಮಾವನವರ ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಎಳೆದು ಮುಚ್ಚುವ ಬೋಲ್ಟ್ ಬಲಗಡೆಗೆ, ಎಡ ಹೆಗಲಿಗೆ ಇಟ್ಟರೆ ಕೈಗೆ ಒದಗುವುದಿಲ್ಲ. ವಿಷ್ಣುಪ್ರಸಾದ್ ಸರ್ ಎಡಗೈಯವರು, ಅವರ ರೈಫಲ್ಲಿನ ಬೋಲ್ಟ್ ಎಡಗಡೆಗೆ. ರೇಂಜಿನಲ್ಲಿ ತಾವೇ ಪಕ್ಕದಲ್ಲಿ ಕೂತು ಅವಳಿಗೆ ಅದನ್ನು ಕೊಟ್ಟರು. ನೀವು ಕಂಡದ್ದು ಆ ರೈಫಲ್ಲಿನಲ್ಲಿ ಹಾರಿದ ಕೇಸುಗಳು. ಪೂರ್ತಿ ಒತ್ತಿ ಎಂದು ಕೇಳಿದ್ದು ಎರಡರಲ್ಲಿ ಯಾವುದಕ್ಕಾದರೂ ಹೊಂದಲಿ ಎಂದು. ಕಾಗದದ ಸಾಲು ಕೆಳಗಿಳಿದು ಹೋದದ್ದೂ ಕಣ್ಣಿನಿಂದ. ಸುಳ್ಳಿನಿಂದಲ್ಲ.

ಸಿದ್ದರಾಜುವಿಗೆ ಬಿದ್ದದ್ದು ರೈಫಲ್ ಗುಂಡಲ್ಲ, ಚರೆ, ಸೀಸದ ಸಣ್ಣ ಕಾಳು. ಹಂದಿಗೆಂದು ಯಾರೋ ದಾರಿಗೆ ಅಡ್ಡ ಕಟ್ಟಿದ್ದ ನಾಡಕೋವಿಯ ತಂತಿ ಎಡವಿದ್ದಾನೆ, ಕೋವಿ ತಾನಾಗಿ ಹಾರಿದೆ. ಡಾಕ್ಟರ್ ಅವನ ಕಾಲಿನಿಂದ ಚರೆ ತೆಗೆದು ಸ್ಟೀಲ್ ತಟ್ಟೆಗೆ ಹಾಕುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಾಲ್ಕು ಸಾಲಿನ ಪೇಪರಿನಲ್ಲಿ ಅದು ಬಂದಿರಲಿಲ್ಲ. ನೀವು ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಅವನು ಈಗ ಕೋಲು ಹಿಡಿದು ಓಡಾಡುತ್ತಾನೆ. ಪೊಲೀಸರು ಬಂದಾಗ ಮಾರಿ ಅವರ ಮುಂದೆ ಹೋಗಿ ನಿಂತು, ‘ನನ್ ಗಂಡನ್ನ ಎತ್ಕಂಡ್ ಓಡಿದ್ದು ಈವಯ್ಯ. ಈವಯ್ಯನ್ ಮನೇಗೇ ಬತ್ತೀರಾ ನೀವು?’ ಎಂದು ಗಲಾಟೆ ಮಾಡಿದಳು.

ಪೊಲೀಸ್ ಸುದ್ದಿ ಕೇಳಿ ವಿಷ್ಣುಪ್ರಸಾದ್ ಸರ್ ತಮ್ಮ ರೈಫಲ್ ಇನ್ನು ಮುಟ್ಟಬೇಡಿ ಎಂದುಬಿಟ್ಟರು. ಸರ್ಕಾರಿ ಕೆಲಸದವರು, ಅವರ ತಪ್ಪಿಲ್ಲ. ಹಾಗಾಗಿ ಅದೂ ಇಲ್ಲ, ಇದೂ ಇಲ್ಲ. ಆಯ್ಕೆ ಶನಿವಾರ ಭಾನುವಾರ ನಡೆದು ಮುಗಿಯಿತು. ನಿನ್ನೆ ಸೋಮವಾರ, ತಪ್ಪೇನೂ ಇಲ್ಲ ಎಂದು ನಮ್ಮ ರೈಫಲ್ ವಾಪಸ್ ಕೊಟ್ಟರು.

ನಾನು ನಿಮ್ಮ ಮೇಲೆ ಕೋಪ ಮಾಡಿಲ್ಲ ಎಂದು ಬರೆದರೆ ಅದು ಸುಳ್ಳು. ಆದರೆ ಬೇಟೆ ಬಿಟ್ಟಿದ್ದೇನೆ ಎಂದು ನಿಮ್ಮ ಮುಂದೆ ಹೇಳಿದ್ದು ನಿಜ.

ಡಬ್ಬಿಯಲ್ಲಿ ಈ ಕಾಗದ ಬಿಟ್ಟರೆ ಬೇರೇನಿಲ್ಲ.

ಇತಿ
ಉತ್ತಯ್ಯ

*

ಕೊಡ್ಲಿಪೇಟೆ
೩೦ ಜನವರಿ ೨೦೨೫

ದೀಕ್ಷಿ,

ನಿನ್ನ ಗಂಡನ ಕಾಗದ ಓದಿ ಜಗಲಿಯಲ್ಲೇ ಕೂತುಬಿಟ್ಟೆ. ಒಲೆಯ ಮೇಲಿಟ್ಟ ಅವರೆಕಾಳು ಸೀದು ಹೋದ ವಾಸನೆ ಪಕ್ಕದ ಮನೆಯವರಿಗೆ ಬಂತು, ನನಗೆ ಬರಲಿಲ್ಲ.

ತಪ್ಪಾಯಿತು. ಅವನಿಗೂ ಹೇಳು, ತಪ್ಪಾಯಿತು ಎಂದು. ಬೇಡ, ನೀನು ಹೇಳಬೇಡ. ನಾನೇ ಬಂದು ಹೇಳುತ್ತೇನೆ, ಆ ಅಂಗಳದಲ್ಲೇ, ಲೈನಿನ ಜನ ಇರುವಾಗಲೇ. ಅವನಿಗೆ ಅಲ್ಲಿ ಹೋದ ಮರ್ಯಾದೆಯನ್ನು ಇಲ್ಲಿಂದ ಕಾಗದದಲ್ಲಿ ಕಟ್ಟಿ ಕಳಿಸಲು ಬರುವುದಿಲ್ಲ.

ಠಾಣೆಯಲ್ಲಿ ಏನಾಯಿತು ಎಂದೂ ಕೇಳಿಬಿಡು. ಕೂತಿದ್ದವನು ನಿನ್ನ ವಯಸ್ಸಿನವನು. ಅಪ್ಪನ ತುಂಡನ್ನು ಅವನ ಮೇಜಿನ ಮೇಲಿಟ್ಟು ಒಂದೊಂದೇ ಕೇಸನ್ನು ಇಳಿಸಿ ತೋರಿಸಿದೆ. ‘ಅಮ್ಮಾ, ಸ್ವಂತ ಅಳಿಯನ ಮೇಲೆ ಕೊಡ್ತಿದೀರ. ಒಂದ್ಸಲ ಮಗಳ ಮನೆಗೆ ಹೋಗಿ ಕೇಳ್ಬಾರ್ದಿತ್ತಾ?’ ಎಂದ. ‘ಮಕ್ಳು ಸುಳ್ ಹೇಳ್ಬೌದು ಸ್ವಾಮಿ, ಹಿತ್ತಾಳೆ ಹೇಳಲ್ಲ’ ಎಂದೆ. ದೊಡ್ಡ ಮಾತು ಆಡಿದೆ ಎಂದು ಬಸ್ಸಿನಲ್ಲಿ ಬರುವಾಗ ನನಗೇ ಹೆಮ್ಮೆ. ಹಿತ್ತಾಳೆ ಸುಳ್ಳು ಹೇಳಿರಲಿಲ್ಲ, ಬೇರೆ ರೈಫಲ್ ಎಂದಷ್ಟೇ ಹೇಳಿತ್ತು. ಉಳಿದದ್ದನ್ನೆಲ್ಲ ಹೇಳಿದವಳು ನಾನು.

ಆದರೆ ನೀನೂ ಕೇಳು. ಕಣ್ಣಿನ ವಿಷಯ ನನಗೆ ಯಾಕೆ ಹೇಳಲಿಲ್ಲ? ಅಪ್ಪ ನಿನ್ನ ಬಲ ಹೆಗಲಿಗೆ ಅಳೆದು ಮಾಡಿದ ರೈಫಲ್ ಬಿಟ್ಟರೆ ನಾನು ಕೂಗಾಡುತ್ತೇನೆ ಎಂದೇ? ಕೂಗಾಡುತ್ತಿದ್ದೆ. ಒಂದು ದಿನ ಕೂಗಾಡಿ ಮರುದಿನ ನಿನ್ನ ಕೈ ಹಿಡಿದುಕೊಂಡು ಮೈಸೂರಿಗೆ ಬರುತ್ತಿದ್ದೆ. ನನ್ನ ಕೂಗಾಟ ನಿನಗೆ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲವಲ್ಲ, ಅದಕ್ಕೇ ನಾನು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಪೆಟ್ಟಿಗೆಯಿಂದ ಪೂರ್ತಿ ಮೈ ಒತ್ತುವ ಅಚ್ಚು ತೆಗೆದೆ. ಅಪ್ಪ ಇದ್ದಾಗಲೂ ನಾನು ಅದನ್ನು ಮುಟ್ಟಿರಲಿಲ್ಲ. ಮೊದಲನೇ ಕೇಸಿಗೆ ಮೇಣ ಹಚ್ಚುವುದನ್ನು ಮರೆತೆ, ಒತ್ತಿದ ಕೂಡಲೇ ಅಚ್ಚಿನೊಳಗೇ ಕಚ್ಚಿಕೊಂಡಿತು. ಹಿಡಿಕೆಗೆ ಜೋತು ಬಿದ್ದೆ, ಬರಲಿಲ್ಲ. ಕೊನೆಗೆ ಗ್ಯಾರೇಜಿನವನ ಹತ್ತಿರ ಒಯ್ದು ಬಿಡಿಸಿಕೊಂಡು ಬಂದೆ. ‘ಎಂಥದಮ್ಮ ಇದು, ಶ್ಯಾವಿಗೆ ಒತ್ತೋದಾ?’ ಎಂದು ಕೇಳಿದ ಪುಣ್ಯಾತ್ಮ. ಆಮೇಲೆ ಒಂದೊಂದಕ್ಕೂ ಬೆರಳಲ್ಲಿ ತೆಳ್ಳಗೆ ಮೇಣ ಸವರಿ ಒತ್ತಿದೆ. ಕತ್ತು ಒತ್ತುವುದು ಬೆರಳಿನ ಕೆಲಸ, ಇದು ಹೆಗಲಿನ ಕೆಲಸ. ಹೆಗಲು ಬಿದ್ದುಹೋಗಿದೆ.

ಮಗು, ನೀನು ಕಳಿಸಿದ ಅಷ್ಟೂ ಕೇಸು ಈ ಡಬ್ಬಿಯಲ್ಲಿದೆ. ಠಾಣೆಯಿಂದ ವಾಪಸ್ ಬಂದ ಆ ಒಂದು ಹಿಡಿಯೂ ಇದೆ. ಯಾವ ರೈಫಲ್ಲಿಗಾದರೂ ಹಾಕು, ಯಾವ ಹೆಗಲಿಗಾದರೂ ಇಟ್ಟುಕೋ. ಆಯ್ಕೆ ಮುಗಿದ ಮೇಲೆ ಕಳಿಸುತ್ತಿದ್ದೇನೆ ಎಂದು ನನಗೂ ಗೊತ್ತು.

ಅವ್ವ

*

ನೆಲ್ಯಹುದಿಕೇರಿ
೨ ಮಾರ್ಚ್ ೨೦೨೫

ಅವ್ವ,

ಡಬ್ಬಿ ಬಂದು ತಿಂಗಳಾಯಿತು. ಮುಚ್ಚಳ ತೆಗೆದದ್ದು ಹೋದ ವಾರ.

ನೀನು ಬಂದು ಅಂಗಳದಲ್ಲಿ ನಿಂತು ಹೇಳಿದ್ದನ್ನು ಲೈನಿನವರು ಇನ್ನೂ ಆಡಿಕೊಳ್ಳುತ್ತಾರೆ. ಮಾರಿ ದಿನಕ್ಕೊಂದು ಸಲ ನಿನ್ನ ಹಾಗೆ ಸೆರಗು ಸಿಕ್ಕಿಸಿಕೊಂಡು ನಟಿಸಿ ತೋರಿಸುತ್ತಾಳೆ. ಉತ್ತಯ್ಯ ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದು, ‘ನಿನ್ನವ್ವಂಗೆ ಧೈರ್ಯ ಉಂಟು ಮಾರಾಯ್ತಿ’ ಎಂದು ಮಾತ್ರ ಹೇಳಿದರು. ಅವರ ಸಿಟ್ಟು ಅಲ್ಲಿಗೆ ಮುಗಿಯಿತು. ಅವರು ಹಾಗೆ. ನಾನು ಆವತ್ತು ಒಳಗಿನಿಂದ ಹೊರಗೆ ಬರಲಿಲ್ಲ. ನೀನು ಕಿಟಕಿಯ ಕಡೆಗೆ ನೋಡಿದ್ದನ್ನು ನೋಡಿದೆ.

ಕಣ್ಣಿಗೆ ಹೋದ ಸೋಮವಾರ ಒಂದು ಚಿಕಿತ್ಸೆ ಆಯಿತು. ಇನ್ನು ಕೆಡುವುದು ನಿಲ್ಲಬಹುದು, ಕೆಟ್ಟದ್ದು ಮರಳುವುದಿಲ್ಲ ಎಂದರು. ವಿಷ್ಣುಪ್ರಸಾದ್ ಸರ್ ಮತ್ತೆ ರೈಫಲ್ ಕೊಟ್ಟಿದ್ದಾರೆ. ಎಡ ಹೆಗಲು ಇನ್ನೂ ಪೆದ್ದು, ಆದರೆ ಕಲಿಯುತ್ತಿದೆ. ಮುಂದಿನ ವರ್ಷದ ಆಯ್ಕೆಗೆ ಹೋಗುತ್ತೇನೆ. ಈ ವರ್ಷದ್ದು ಹೋಯಿತು ಅವ್ವ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ, ನಿನ್ನ ಮೇಲೆಯೇ ಬರುತ್ತದೆ. ಬರೆಯದೆ ಇಟ್ಟುಕೊಂಡರೆ ಮತ್ತೆ ಇನ್ನೊಂದು ಮುಚ್ಚಿಟ್ಟ ಹಾಗೆ ಆಗುತ್ತದೆ, ಅದಕ್ಕೆ ಬರೆದಿದ್ದೇನೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ನೀನು ಕಳಿಸಿದ ಕೇಸು ರೇಂಜಿಗೆ ಒಯ್ದೆ. ಮದ್ದು ತುಂಬುವ ಮೊದಲು ಒಂದೊಂದನ್ನೂ ರೈಫಲ್ಲಿಗೆ ಹಾಕಿ, ಬೋಲ್ಟ್ ಮುಚ್ಚಿ ನೋಡಿದೆ. ಅಪ್ಪನ ರೈಫಲ್ಲಿಗೂ ಹಾಕಿದೆ, ಸರ್ ರೈಫಲ್ಲಿಗೂ ಹಾಕಿದೆ. ಸರ್ ಪಕ್ಕದಲ್ಲೇ ಇದ್ದರು. ಈ ಸಲ ನಗಲಿಲ್ಲ.

ಎಲ್ಲವೂ ಸರಿಯಾಗಿ ಕೂತವು.

ಹಾರಿಸಿದ ಖಾಲಿ ಕೇಸು ಇದರ ಜೊತೆ ಕಳಿಸಿದ್ದೇನೆ.

ದೀಕ್ಷಿ

*

ಕೊಡ್ಲಿಪೇಟೆ
೯ ಮಾರ್ಚ್ ೨೦೨೫

ದೀಕ್ಷಿ,

ಕೇಸು ಬಂತು. ಒತ್ತಿ ವಾಪಸ್ ಕಳಿಸಿದ್ದೇನೆ. ತಳದ ಚುಕ್ಕೆ ಮಾಸಿತ್ತು, ಹೊಸದಾಗಿ ಇಟ್ಟಿದ್ದೇನೆ.

ಅಪ್ಪನ ತುಂಡನ್ನೂ ಇದೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇನ್ನು ಅದು ನಿನ್ನ ಹತ್ತಿರ ಇರಲಿ. ನಾನು ನೋಡುವುದು ಸಾಕು.

ಹಾಕಿ ನೋಡಿದೆ ಎಂದು ಬರೆದಿದ್ದೀಯ. ಇಷ್ಟು ವರ್ಷದಲ್ಲಿ ಇದೇ ಮೊದಲು. ಕಾಗದ ಮಡಚಿಟ್ಟು, ದನಕ್ಕೆ ಹುಲ್ಲು ಹಾಕಿ ಬಂದು ಮತ್ತೆ ಓದಿದೆ. ನೋಡಿದ್ದು ಸರಿ. ಈ ಸಲದ್ದನ್ನೂ ಒಂದೊಂದಾಗಿ ನೋಡು. ಮುಂದಿನ ಸಲದ್ದನ್ನೂ ನೋಡು. ನೀನು ನೋಡುವುದನ್ನು ಬಿಡುವವರೆಗೆ ನಾನು ಕಳಿಸುತ್ತಲೇ ಇರುತ್ತೇನೆ.

ಹಪ್ಪಳ ಅಡಿಯಲ್ಲಿದೆ. ಉತ್ತಯ್ಯನಿಗೆ ಬೇರೆಯೇ ಒಂದು ಕಟ್ಟು ಇಟ್ಟಿದ್ದೇನೆ.

ನಿನ್ನ ಅವ್ವ